‘ಆಗಲ್ಲ’ ಅನ್ನುವವನು ಬೇಕಾಗಿದ್ದಾನೆ

ಮಲ್ಲೇಶ್ವರದ ಸರಸ್ವತಮ್ಮನವರ ಮನೆಗೆ ಬಂದವರು ಯಾರೂ ಬರಿ ಹೊಟ್ಟೆಯಲ್ಲಿ ಹೋದದ್ದಿಲ್ಲ. ಆದರೆ ಹೋದ ವರ್ಷ ದೀಪಾವಳಿಗೆ ಬಂದ ಅಳಿಯ ಮಾತ್ರ ಎಣ್ಣೆ ಜಿಡ್ಡಿನ ತಲೆಯಲ್ಲೇ ವಾಪಸು ಹೋದ. ಮದುವೆಯಾದ ಮೇಲಿನ ಮೊದಲ ದೀಪಾವಳಿ ಬೇರೆ. ಬಸವನಗುಡಿಯಿಂದ ಬೀಗರು ಮನೆಮಂದಿಯೆಲ್ಲ ಬಂದಿದ್ದರು. ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಂಡು ಬಚ್ಚಲಿಗೆ ಹೋದ ಹುಡುಗನಿಗೆ ನಲ್ಲಿಯಲ್ಲಿ ಬಂದದ್ದು ಉಗುರು ಬೆಚ್ಚಗೂ ಇಲ್ಲದ ನೀರು. ಎಷ್ಟು ಸೀಗೆಪುಡಿ ತಿಕ್ಕಿದರೂ ಎಣ್ಣೆ ಬಿಡಲೊಲ್ಲದು! ಅವನ ತಾಯಿ ಮುನಿಲಕ್ಷ್ಮಮ್ಮ ಅದೇ ನೀರಿನಲ್ಲಿ ಮಿಂದು, ಗಡಗಡ ನಡುಗುತ್ತ ಈಚೆಗೆ ಬಂದು, ನೆಗಡಿ ಹಿಡಿಸಿಕೊಂಡು ಮಲಗಿದರು. ಎದ್ದ ಮೇಲೆ ಆ ಕಥೆಯನ್ನು ಬಸವನಗುಡಿಯ ಮನೆಮನೆಗೂ ಮುಟ್ಟಿಸಿದರು.

ಅಷ್ಟಕ್ಕೇ ನಿಂತಿದ್ದರೆ ಸರಸ್ವತಮ್ಮ ಹೇಗೋ ನುಂಗಿಕೊಳ್ಳುತ್ತಿದ್ದರು. ಈ ವರ್ಷ ಮಗಳು ಪ್ರತಿಭಾ ಬಸುರಿ. ದಸರಾ ಕಳೆದು ಬೀಗರ ಮನೆಯಲ್ಲಿ ಸೀಮಂತ ನಡೆಯಿತು. ಆರತಿ ಮುಗಿದು ಹೆಂಗಸರೆಲ್ಲ ಎಲೆ ಅಡಿಕೆ ಹಿಡಿದು ಕೂತಿದ್ದಾಗ, ಮುನಿಲಕ್ಷ್ಮಮ್ಮ ಎಲ್ಲರಿಗೂ ಕೇಳಿಸುವ ಹಾಗೆ ಅಂದರು:

"ಬಾಣಂತನ ನಾವೇ ಮಾಡ್ಕೋತೀವಿ ಬಿಡಿ ಸರಸಮ್ಮ. ನಿಮ್ಮನೇಲಿ ನೀರೇ ಕಾಯಲ್ಲ. ಈ ಚಳೀಲಿ ಹಸಿ ಬಾಣಂತೀನ ತಣ್ಣೀರಲ್ಲಿ ಅದ್ದಕ್ಕಾಗತ್ತಾ?"

ಚೊಚ್ಚಲ ಬಾಣಂತನ ತವರಿನ ಹಕ್ಕು ಕಣ್ರೀ! ಅದನ್ನು ಬೀಗಿತಿ ಕಸಿದುಕೊಂಡರೆ ತಾಯಿಯಾದವಳು ನಾಲ್ಕು ಜನರ ನಡುವೆ ತಲೆ ಎತ್ತುವುದು ಹೇಗೆ? ಇರುವುದು ಒಬ್ಬಳೇ ಮಗಳು. ಅವಳ ಬೆನ್ನಿಗೆ ಕೊಡಗಟ್ಟಲೆ ಬಿಸಿನೀರು ಎರಚಬೇಕು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಮೀಯಿಸಬೇಕು ಅಂತ ಸರಸ್ವತಮ್ಮ ಎಷ್ಟು ವರ್ಷದಿಂದ ಕನಸು ಕಂಡಿದ್ದರೋ. ಬಾಯಿ ಸುಮ್ಮನಿರಲಿಲ್ಲ.

"ಒಂಬತ್ತು ತುಂಬೋ ಮುಂಚೆ ನೀವೇ ಕರ್ಕೊಂಡ್ ಬನ್ನಿ ಬೀಗಿತಿಯೋರೆ. ನೀವೇ ಕೈಯಿಟ್ಟು ನೋಡಿ. ನೀರು ಸುಡಲಿಲ್ಲ ಅಂದ್ರೆ ಹಂಗೇ ವಾಪಸ್ ಕರ್ಕೊಂಡ್ಹೋಗಿ, ನಾನು ತುಟಿ ಪಿಟಕ್ ಅನ್ನಲ್ಲ."

ಅಂದದ್ದೇನೋ ಅಂದರು. ಆಟೋದಲ್ಲಿ ಮನೆಗೆ ಬರುವಾಗ, ಯಾವ ಧೈರ್ಯದ ಮೇಲೆ ಅಂದೆ ಅಂತ ಅವರಿಗೇ ತಿಳಿಯಲಿಲ್ಲ.

ಈ ತಣ್ಣೀರಿನ ಮೂಲ ಪುರುಷ ನಾರಾಯಣಪ್ಪ. ಸರಸ್ವತಮ್ಮನವರ ಯಜಮಾನರು ದೊಡ್ಡಬೈರಪ್ಪನವರಿಗೆ ಯಶವಂತಪುರದಲ್ಲಿ ಈರುಳ್ಳಿ ಮಂಡಿ. ಅವರ ತಂಗಿಯ ಮೈದುನ ಈ ನಾರಾಯಣಪ್ಪ. ಬಿಸಿಲಲ್ಲಿ ನೀರು ಕಾಯಿಸುವ ಸೋಲಾರ್ ಟ್ಯಾಂಕಿನ ವ್ಯಾಪಾರ ಶುರುಮಾಡಿದ್ದ. ಮಗಳ ಮದುವೆಯ ಬೇಸಿಗೆಯಲ್ಲಿ ಮನೆಗೆ ಸೋಲಾರ್ ಹಾಕಿಸುವ ಮಾತು ಬಂದಾಗ ಯಜಮಾನರು ಬೇರೆ ಯಾರನ್ನೂ ವಿಚಾರಿಸಲಿಲ್ಲ. "ನಮ್ಮವನೇ ಇರೋವಾಗ ಊರೋರ್ನ ಯಾಕೆ ಕೇಳೋದು?" ಅಂದರು. ಸೌದೆ ಒಲೆ ಕಿತ್ತರು, ತಾಮ್ರದ ಹಂಡೆ ಹೋಯಿತು, ಬಚ್ಚಲಿಗೆ ಬಿಳಿ ಟೈಲ್ಸ್ ಬಂತು. ಆ ಮೇ ತಿಂಗಳಲ್ಲಿ ನೀರು ಕುದಿಯುತ್ತಿತ್ತು, ನಿಜ. ಮದುವೆಗೆ ಬಂದವರೆಲ್ಲ ಹೊಗಳಿದರು. ದೀಪಾವಳಿ ಹೊತ್ತಿಗೆ ಬಣ್ಣ ಬಯಲಾಯಿತು.

ದೂರು ಹೇಳಿದಾಗಲೆಲ್ಲ ನಾರಾಯಣಪ್ಪ ತಪ್ಪದೆ ಬರುತ್ತಿದ್ದ. ಬಂದವನಿಗೆ ಮೊದಲು ಮುದ್ದೆ, ಬಸ್ಸಾರು. ಉಂಡ ಮೇಲೆ ತಾರಸಿಗೆ ಹತ್ತಿ, ಟ್ಯಾಂಕಿಗೆ ಎರಡು ಸಲ ತಟ್ಟಿ, "ಮೋಡ ಅಕ್ಕ, ಮೋಡ" ಅಂತ ಇಳಿದು ಹೋಗುತ್ತಿದ್ದ. ಮನೆಯ ಅನ್ನ ಉಂಡವನನ್ನು, ಅದೂ ನಾದಿನಿಯ ಮೈದುನನನ್ನು, ಬೈಯುವುದು ಹೇಗೆ? ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ಗಾದೆ. ಈ ಮನೆಯಲ್ಲಿ ದಾಕ್ಷಿಣ್ಯ ಅಪ್ಪನದು, ಹೆರೋಕೆ ಜಾಗ ಇಲ್ಲದಂತಾದದ್ದು ಮಗಳಿಗೆ.

ಸೀಮಂತದ ಮಾರನೆಯ ಬೆಳಗ್ಗೆ ಸರಸ್ವತಮ್ಮ ಸೆರಗು ಬಿಗಿದು ನಿಂತರು. ಅವರ ಕಡೆ ಹೆಣ್ಣು ಕೊಡುವಾಗ ಹುಡುಗನ ಬಾಯಿಮಾತು ನಂಬುವ ಪದ್ಧತಿ ಇಲ್ಲ. ಆ ಮನೆಗೆ ಹಿಂದೆ ಹೆಣ್ಣು ಕೊಟ್ಟವರು ಯಾರು, ಆ ಹೆಣ್ಣು ಸುಖವಾಗಿದ್ದಾಳೋ ಇಲ್ಲವೋ ಅಂತ ಹೋಗಿ ಕಣ್ಣಾರೆ ನೋಡಿ ಬರುತ್ತಾರೆ. ಸೋಲಾರ್‌ನವನನ್ನೂ ಹಾಗೆಯೇ ಹುಡುಕಬೇಕು ಅಂತ ಅವರು ಲೆಕ್ಕ ಹಾಕಿದರು. ಹೊತ್ತು ಮೂಡುವ ಮುಂಚೆ ಶಾಲು ಹೊದ್ದು ಹೊರಟರು. ಅಡ್ಡರಸ್ತೆಗಳಲ್ಲಿ ಕತ್ತು ಮೇಲೆತ್ತಿ ನಡೆದರು. ಯಾರ ತಾರಸಿಯಲ್ಲಿ ಹಳೆಯ ಸೋಲಾರ್ ಟ್ಯಾಂಕು ಕಂಡಿತೋ ಅವರ ಮನೆಯ ಬೆಲ್ ಒತ್ತಿದರು.

"ತಪ್ಪು ತಿಳ್ಕೋಬೇಡಿ. ನಿಮ್ಮನೆ ಬಿಸಿನೀರು ಒಂಚೂರು ಮುಟ್ಟಿ ನೋಡ್ಬೋದಾ?"

ಕೆಲವರು ಈ ಹೆಂಗಸಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಒಂದು ಮನೆಯಲ್ಲಿ ನಾಯಿ ಬಿಟ್ಟರು. ಆದರೆ ಬಚ್ಚಲಿನ ವಿಷಯ ತೆಗೆದರೆ ಹೆಂಗಸರ ಬಾಯಿ ತಾನಾಗಿ ತೆರೆಯುತ್ತದೆ. ಒಳಗೆ ಕರೆದು ಕೂರಿಸಿ, ತಮ್ಮ ತಮ್ಮ ಗೋಳು ತೋಡಿಕೊಂಡರು: ಹಾಕಿದವನು ಹಾಕುವ ತನಕ ದಿನಾ ಬಂದ, ಆಮೇಲೆ ಫೋನೇ ಎತ್ತಲ್ಲ, ನಲ್ಲಿ ಸೋರುತ್ತೆ, ಒಬ್ಬರು ಮಿಂದರೆ ಇನ್ನೊಬ್ಬರಿಗಿಲ್ಲ. ಸರಸ್ವತಮ್ಮ ಕೈಯಿಟ್ಟ ನಲ್ಲಿಗಳೆಲ್ಲ ತಣ್ಣಗಿದ್ದವು.

ಕೊನೆಗೆ ಈಜುಕೊಳದ ಕಡೆಯ ಒಂದು ಹಳೆಯ ಮನೆಯಲ್ಲಿ, ಶೈಲಜಮ್ಮ ಅನ್ನುವವರ ಬಚ್ಚಲಿನಲ್ಲಿ, ಸರಸ್ವತಮ್ಮನವರ ಕೈ ಚುರ್ ಅಂತು. ಆ ಉರಿಗೆ ಅವರ ಕಣ್ಣಲ್ಲಿ ನೀರು ಬಂತು, ಖುಷಿಗೆ!

"ಹಾಕ್ಸಿ ಎಷ್ಟು ವರ್ಷ ಆಯ್ತು?"

"ನಮ್ಮ ಹುಡುಗ ಸ್ಕೂಲಲ್ಲಿದ್ದಾಗ ಹಾಕ್ಸಿದ್ದು, ಈಗ ಅವನು ಡಿಗ್ರಿ ಮುಗಿಸಿದಾನೆ. ಬನ್ನಿ, ಮೇಲೆ ತೋರಿಸ್ತೀನಿ."

ತಾರಸಿ ಹತ್ತಿದ ಸರಸ್ವತಮ್ಮ ಬೆಚ್ಚಿಬಿದ್ದರು. "ಇದೇನ್ರೀ, ನಿಮ್ಮ ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿದೆ! ಯಮನ ದಿಕ್ಕು!"

ಶೈಲಜಮ್ಮ ನಕ್ಕರು. "ಚಳಿಗಾಲದಲ್ಲಿ ಬಿಸಿಲು ಆ ಕಡೆಯಿಂದ ತಾನೇ ಬರೋದು?"

ಸರಸ್ವತಮ್ಮ ಹಣೆ ಹಣೆ ಚಚ್ಚಿಕೊಂಡರು. ಅಯ್ಯೋ, ಇದೇನು ಅವರಿಗೆ ಗೊತ್ತಿಲ್ಲದ ವಿಷಯವೇ? ಹೊಲದ ಮನೆಯಲ್ಲಿ ಹುಟ್ಟಿ ಬೆಳೆದವರು. ಕಾರ್ತಿಕ, ಮಾರ್ಗಶಿರದಲ್ಲಿ ಸಂಡಿಗೆ ಚಾಪೆ ಎಲ್ಲಿಗೆ ಎಳೆಯಬೇಕು ಅಂತ ನಿದ್ದೆಗಣ್ಣಲ್ಲೂ ಹೇಳಬಲ್ಲರು. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಪ್ಯಾನಲ್ ಹೇಗಿಟ್ಟರೂ ಕಾಯುತ್ತದೆ. ಚಳಿಗಾಲದಲ್ಲಿ ಅವನು ತೆಂಕಣಕ್ಕೆ ವಾಲುತ್ತಾನೆ. ಅವರ ಮನೆಯ ಪ್ಯಾನಲ್ ಮಾತ್ರ ಸೂರ್ಯನಿಗೆ ಬೆನ್ನು ಹಾಕಿ, ಉತ್ತರಕ್ಕೆ ಮುಖ ಮಾಡಿ ಕೂತಿದೆ. ಯಾಕೆ? ಹಾಕುವ ದಿನ ಯಜಮಾನರು ತಾರಸಿಯ ಮೇಲೆ ನಿಂತು, "ಮದುವೆ ಮನೆ, ಯಮನ ಕಡೆ ಬೇಡ, ಕುಬೇರನ ಕಡೆ ತಿರುಗ್ಸು" ಅಂದಿದ್ದರು. ನಾರಾಯಣಪ್ಪ "ನೀವ್ ಹೇಳ್ದಂಗೆ ಭಾವ" ಅಂದಿದ್ದ. ಅಷ್ಟೇ.

"ಇದನ್ನ ಹಾಕಿದೋನು ಯಾರು?" ಅಂತ ಸರಸ್ವತಮ್ಮ ಕೇಳಿದರು.

"ಮತ್ತಿಕೆರೆ ವೇಣುಗೋಪಾಲ್ ಅಂತ. ಕೆಲಸ ಗಟ್ಟಿ, ಬಾಯಿ ಮಾತ್ರ ಭಾರಿ ಕೆಟ್ಟದ್ದು. ನಮ್ಮ ಯಜಮಾನ್ರ ಹತ್ರ ಜಗಳ ಆಡ್ಕೊಂಡೇ ಹಾಕಿದ."

ಒಬ್ಬರು ಹೇಳಿದರು ಅಂತ ಕಣ್ಣುಮುಚ್ಚಿ ನಂಬಿ ಒಮ್ಮೆ ಕೈ ಸುಟ್ಟುಕೊಂಡಾಗಿತ್ತಲ್ಲ, ಅಲ್ಲ, ಕೈ ತಣ್ಣಗಾಗಿತ್ತಲ್ಲ! ಸರಸ್ವತಮ್ಮ ಒಬ್ಬನನ್ನೇ ಕರೆಯಲಿಲ್ಲ. ಸಂಪಿಗೆ ರಸ್ತೆಯ ಎರಡು ಸೋಲಾರ್ ಅಂಗಡಿಗಳಿಗೂ ಹೇಳಿ ಕಳಿಸಿದರು. ಯಾರಿಗೂ ಕಾಫಿ ಕೊಡಬಾರದು ಅಂತ ಮನಸ್ಸು ಕಲ್ಲು ಮಾಡಿಕೊಂಡರು. ಬಂದವರಿಗೆಲ್ಲ ಒಂದೇ ಪರೀಕ್ಷೆ.

ಮೊದಲನೆಯವನು ಟೈ ಕಟ್ಟಿಕೊಂಡು ಬಂದ. ಸರಸ್ವತಮ್ಮ ಏನೂ ಅರಿಯದವರ ಹಾಗೆ, "ಹೊಸದು ಹಾಕ್ಸಬೇಕು. ಆದ್ರೆ ಮುಖ ಉತ್ತರಕ್ಕೇ ಇರ್ಬೇಕಪ್ಪ" ಅಂದರು.

"ನೋ ಪ್ರಾಬ್ಲಮ್ ಮೇಡಂ. ಮಳೆಗಾಲದಲ್ಲೂ ಕೊತಕೊತ ಕುದಿಯತ್ತೆ!"

"ಸಂತೋಷ, ಹೇಳಿ ಕಳಿಸ್ತೀನಿ" ಅಂತ ಬಾಗಿಲು ತೋರಿಸಿದರು.

ಎರಡನೆಯವನು ಇನ್ನೂ ಒಂದು ಕೈ ಮೇಲು. "ಉತ್ತರ ಏನಮ್ಮ, ಈಶಾನ್ಯಕ್ಕೆ ಬೇಕಾದ್ರೂ ತಿರುಗಿಸ್ಕೊಡ್ತೀನಿ. ನಿಮ್ ಖುಷಿ ನಮ್ ಖುಷಿ" ಅಂದ. ಅವನಿಗೂ ಅದೇ ಬಾಗಿಲು.

ಮೂರನೆಯವನು ವೇಣುಗೋಪಾಲ್. ಸ್ಕೂಟರ್ ನಿಲ್ಲಿಸಿ, ನಮಸ್ಕಾರ ಕೂಡ ಅರ್ಧಂಬರ್ಧ ಮಾಡಿ, ನೆಟ್ಟಗೆ ತಾರಸಿ ಹತ್ತಿದ. ಪ್ಯಾನಲ್ ನೋಡಿ ಹುಬ್ಬು ಗಂಟಿಕ್ಕಿದ.

"ಯಾವನ್ರಿ ಇದನ್ನ ಹಿಂಗೆ ನಿಲ್ಸಿರೋನು?"

"ನಮ್ಮ ಯಜಮಾನ್ರಿಗೆ ದಕ್ಷಿಣ ಆಗಿಬರಲ್ಲ. ಹೊಸದನ್ನೂ ಉತ್ತರಕ್ಕೇ ಹಾಕ್ಬೇಕು."

"ಆಗಲ್ಲ."

"ಒಂಚೂರು ಅಡ್ಜಸ್ಟ್ ಮಾಡ್ಕೊಳಪ್ಪ."

"ಆಗಲ್ಲ ಅಂದ್ನಲ್ಲಮ್ಮ! ನೀರು ತಣ್ಣಗೆ ಬರತ್ತೆ, ಆಮೇಲೆ ವೇಣುಗೋಪಾಲ್ ಮೋಸ ಮಾಡ್ದ ಅಂತೀರ. ಬೇರೆ ಯಾರನ್ನಾದ್ರೂ ನೋಡ್ಕೊಳಿ." ಅಂದವನೇ ದಡದಡ ಮೆಟ್ಟಿಲಿಳಿದು ಹೊರಟೇಬಿಟ್ಟ.

ಸರಸ್ವತಮ್ಮ ಮಂಡಿ ನೋವು ಮರೆತು ಅವನ ಹಿಂದೆ ಓಡಿದರು. ಗೇಟಿನ ಹತ್ತಿರ ಸ್ಕೂಟರಿಗೆ ಅಡ್ಡ ನಿಂತರು. "ಏಯ್, ನಿಂತ್ಕೊಳಪ್ಪಾ! ನೀನೇ ಬೇಕು ನಂಗೆ! ಆಗಲ್ಲ ಅನ್ನೋನ್ನೇ ಹುಡುಕ್ತಿದ್ದೆ!"

ವೇಣುಗೋಪಾಲ್ ಪೆಚ್ಚಾಗಿ ನಿಂತ. ಸರಸ್ವತಮ್ಮ ಬಾಣಂತನ, ಬೀಗಿತಿ, ಪಂಥ ಎಲ್ಲ ಒಂದೇ ಉಸಿರಿಗೆ ಹೇಳಿ, "ಆವತ್ತೇ ಮೋಡ ಮುಚ್ಚಿದ್ರೆ?" ಅಂತ ಕೇಳಿದರು.

"ಒಂದೆರಡು ದಿನ ಟ್ಯಾಂಕ್ ತಡ್ಕೊಳತ್ತೆ. ಆಮೇಲೆ ಒಳಗಿರೋ ಕಾಯಿಲ್‌ನ ಕರೆಂಟಲ್ಲಿ ಹಾಕ್ಕೋಬೇಕು. ಕರೆಂಟೂ ಇಲ್ಲ ಬಿಸ್ಲೂ ಇಲ್ಲ ಅಂದ್ರೆ ಸೂರ್ಯನ್ನ ನಾನೇನು ಎಳ್ಕೊಂಡು ಬರಕ್ಕಾಗತ್ತಾ? ಇನ್ನೊಂದು, ನಲ್ಲಿ ಬಿಟ್ಟ ತಕ್ಷಣ ಪೈಪಲ್ಲಿ ನಿಂತ ತಣ್ಣೀರು ಬರತ್ತೆ. ಅದಕ್ಕೆ ನನ್ನ ಬೈಕೋಬೇಡಿ."

ಇಷ್ಟು ಸಿಹಿಯಾದ ಮಾತನ್ನು ಸರಸ್ವತಮ್ಮ ಯಾವ ಅಂಗಡಿಯವನ ಬಾಯಲ್ಲೂ ಕೇಳಿರಲಿಲ್ಲ.

ಉಳಿದದ್ದು ಯಜಮಾನರು. ಊಟಕ್ಕೆ ಕೂತಾಗ ವಿಷಯ ತೆಗೆದರೆ ದೊಡ್ಡಬೈರಪ್ಪನವರು ತುತ್ತು ಕೆಳಗಿಟ್ಟರು. "ಹೆರೋ ಹುಡುಗಿ ಬರೋ ಮನೆ ಕಣೇ! ಯಮನ ಕಡೆ ತಿರುಗಿಸ್ತೀಯಾ? ನಿಂಗೇನು ಬುದ್ಧಿ ಇದ್ಯಾ?"

"ಸರಿ, ಯಮ ಯಾರ ಮಗ ಹೇಳಿ."

ಯಜಮಾನರು ಪುರಾಣ ಕೇಳಿ ಬೆಳೆದವರು. ಅನುಮಾನಿಸುತ್ತಲೇ, "ಸೂರ್ಯನ ಮಗ" ಅಂದರು.

"ಚಳಿಗಾಲದಲ್ಲಿ ಆ ಅಪ್ಪ ಮಗನ ಮನೇಲಿ ಹೋಗಿ ಕೂತಿದಾನೆ. ಅಪ್ಪನ ಮುಖ ನೋಡ್ಬೇಕು ಅಂದ್ರೆ ಮಗನ ಮನೆ ಕಡೆಗೇ ತಿರುಗ್ಬೇಕು ತಾನೇ? ಅಪ್ಪ ಎದುರಿಗೆ ಕೂತಿರೋವಾಗ ಮಗ ಬಾಲ ಬಿಚ್ತಾನಾ?"

ದೊಡ್ಡಬೈರಪ್ಪನವರು ಕೆಳಗಿಟ್ಟ ತುತ್ತನ್ನು ಮತ್ತೆ ಎತ್ತಿಕೊಂಡರು. "ನಾರಾಯಣಪ್ಪ ಏನಂದ್ಕೋತಾನೋ" ಅಂತ ಮಾತ್ರ ಗೊಣಗಿದರು.

"ಅವನಿಗೆ ನಾನೇ ಹೇಳ್ತೀನಿ" ಅಂತ ಸರಸ್ವತಮ್ಮ ಎದ್ದು ಫೋನ್ ತಿರುಗಿಸಿದರು. ಸುತ್ತು ಬಳಸದೆ, ನಿನ್ನದನ್ನು ಕಿತ್ತುಹಾಕಿ ಬೇರೆಯವರ ಹತ್ತಿರ ಹಾಕಿಸುತ್ತಿದ್ದೇನೆ ಅಂದರು. ಆ ಕಡೆಯಿಂದ ನಾರಾಯಣಪ್ಪ, "ಒಳ್ಳೇದಾಯ್ತು ಬಿಡಿ ಅಕ್ಕ. ಉತ್ತರಕ್ಕೆ ಹಾಕಿದ್ರೆ ಕಾಯಲ್ಲ ಅಂತ ನಂಗೂ ಗೊತ್ತಿತ್ತು. ಭಾವ ಹೇಳಿದ್ಮೇಲೆ ಹೆಂಗೆ ಇಲ್ಲ ಅನ್ನೋದು?" ಅಂದ.

ನೋಡಿ, ಅವನಿಗೂ ದಾಕ್ಷಿಣ್ಯ! ಒಬ್ಬರ ದಾಕ್ಷಿಣ್ಯಕ್ಕೆ ಇನ್ನೊಬ್ಬರು ಬಿದ್ದು, ಇಡೀ ಮನೆ ಚಳಿಗಾಲವೆಲ್ಲ ತಣ್ಣೀರಿನಲ್ಲಿ ಮಿಂದಿತ್ತು. ಸರಸ್ವತಮ್ಮ ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ವೇಣುಗೋಪಾಲ್ ಹೇಳಿದ ದಿನಕ್ಕೆ ಬಂದ. ಹಳೆಯದನ್ನು ಕಿತ್ತ, ದಪ್ಪ ಹೊದಿಕೆಯ ಪೈಪು ಎಳೆದ, ಯಜಮಾನರ ಹತ್ತಿರ ಎರಡು ಸಲ ಜಗಳವಾಡಿದ, ಪ್ಯಾನಲನ್ನು ದಕ್ಷಿಣಕ್ಕೆ ನಿಲ್ಲಿಸಿ ಹೋದ. ನೀರು ಕಾಯತೊಡಗಿತು.

ಆದರೆ ಹಾಳಾದ ಹಣೆಬರಹ ನೋಡಿ! ಮುನಿಲಕ್ಷ್ಮಮ್ಮ ಸೊಸೆಯನ್ನು ಕರೆತರುವ ದಿನಕ್ಕೆ ಸರಿಯಾಗಿ ಮದ್ರಾಸಿನ ಕಡೆ ಸೈಕ್ಲೋನ್ ಎದ್ದು, ಬೆಂಗಳೂರಿಗೆ ಬೂದಿ ಬಣ್ಣದ ಮೋಡ ಕವಿಯಿತು. ಹಿಂದಿನ ಮಧ್ಯಾಹ್ನ ಸೂರ್ಯ ಒಂದಿಷ್ಟು ಹೊತ್ತು ಇಣುಕಿ ನೋಡಿದ್ದೇ ಭಾಗ್ಯ. ಸಂಜೆ ಕಾಯಿಲ್ ಹಾಕೋಣ ಅಂದರೆ ಕರೆಂಟು ಹೋಯಿತು, ಬೆಳಗಾದರೂ ಬರಲಿಲ್ಲ. ಸರಸ್ವತಮ್ಮನವರಿಗೆ ನಲ್ಲಿ ಬಿಟ್ಟು ನೋಡಲೂ ಭಯ. ಇರುವ ಬಿಸಿನೀರು ಎಲ್ಲಿ ಖರ್ಚಾಗುತ್ತದೋ ಅಂತ ತಾವೂ ಮೀಯಲಿಲ್ಲ, ಯಜಮಾನರನ್ನೂ ಮೀಯಲು ಬಿಡಲಿಲ್ಲ.

ಕಾರು ಬಂದು ನಿಂತಿತು. ಮುನಿಲಕ್ಷ್ಮಮ್ಮ ಇಳಿದು, ಆಕಾಶ ನೋಡಿ, ಮಗನಿಗೆ ಹೇಳಿದರು: "ಪೆಟ್ಟಿಗೆ ಡಿಕ್ಕಿಯಲ್ಲೇ ಇರ್ಲಿ. ಆಮೇಲೆ ನೋಡೋಣ."

ಪ್ರತಿಭಾ ತುಂಬಿದ ಹೊಟ್ಟೆ ಹಿಡಿದು ಮೆಲ್ಲಗೆ ಇಳಿದಳು. ಅಮ್ಮನ ಕೈ ಹಿಡಿದು, "ಅಮ್ಮ, ನಂಗೆ ಇಲ್ಲೇ ಇರ್ಬೇಕು ಅನ್ಸತ್ತೆ" ಅಂತ ಪಿಸುಗುಟ್ಟಿದಳು.

"ಕರೆಂಟೂ ಇಲ್ವಾ? ಪಾಪ" ಅನ್ನುತ್ತ ಬೀಗಿತಿ ನೆಟ್ಟಗೆ ಬಚ್ಚಲಿಗೆ ನಡೆದರು. ಹಿಂದೆ ಮಗ, ಸೊಸೆ, ದೊಡ್ಡಬೈರಪ್ಪನವರು, ಎಲ್ಲರೂ ಬಾಗಿಲಲ್ಲಿ ಗುಂಪುಗೂಡಿದರು. ಮುನಿಲಕ್ಷ್ಮಮ್ಮ ಬಳೆ ಹಿಂದಕ್ಕೆ ಸರಿಸಿ, ನಲ್ಲಿ ತಿರುಗಿಸಿ, ಕೈ ಒಡ್ಡಿದರು.

ತಣ್ಣೀರು. ಮಂಜಿನಂಥ ತಣ್ಣೀರು.

ಅವರ ತುಟಿಯ ಕೊನೆ ಅರಳಿತು. "ನಾನು ಹೇಳ್ಲಿಲ್ವಾ ಸರಸಮ್ಮ?" ಅಂತ ಕೈ ಎಳೆದುಕೊಳ್ಳಲು ಹೋದರು.

"ಕೈ ತೆಗೀಬೇಡಿ!" ಸರಸ್ವತಮ್ಮ ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. "ಅದು ಪೈಪಲ್ಲಿ ನಿಂತ ನೀರು. ತಡೀರಿ."

ಬಕೆಟ್ಟಿನಲ್ಲಿ ನೀರು ಏರಿತು. ಇನ್ನೂ ತಣ್ಣಗೇ. ಇನ್ನೂ ತಣ್ಣಗೇ. ದೇವರೇ, ಆ ಒರಟನೂ ಕೈಕೊಟ್ಟನೇ? ನಲ್ಲಿ ಒಂದು ಸಲ ಕೆಮ್ಮಿತು.

"ಅಯ್ಯಪ್ಪಾ!" ಮುನಿಲಕ್ಷ್ಮಮ್ಮ ಕಿರುಚಿ ಕೈ ಕಿತ್ತುಕೊಂಡರು. ಬಿಳಿ ಟೈಲ್ಸಿನ ಮೇಲೆ ಹಬೆ ಹತ್ತಿತು. ಅವರಿಗೆ ನಂಬಿಕೆ ಬರಲಿಲ್ಲ. ಎಡಗೈ ಒಡ್ಡಿ ನೋಡಿದರು, ಅದನ್ನೂ ಸುಟ್ಟುಕೊಂಡರು. ಗೋಡೆಯ ಸ್ವಿಚ್ಚು ಒತ್ತಿ ನೋಡಿದರು, ದೀಪ ಹತ್ತಲಿಲ್ಲ. ಕಿಟಕಿಯಿಂದ ಮೋಡ ನೋಡಿದರು, ಮೋಡ ಇದ್ದಲ್ಲೇ ಇತ್ತು. ನಲ್ಲಿ ಮಾತ್ರ ಹೊಗೆಯಾಡುತ್ತ ಸುರಿಯುತ್ತಲೇ ಇತ್ತು.

ಮುನಿಲಕ್ಷ್ಮಮ್ಮ ಕೆಂಪಾದ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡರು. ಸೊಸೆಯ ಮುಖ ನೋಡಿದರು, ಬೀಗಿತಿಯ ಮುಖ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದರು:

"ಏನೋ ಮಗಾ ಬೆಪ್ಪನ ಹಂಗೆ ನಿಂತಿದೀಯ? ಪೆಟ್ಟಿಗೆ ತಗೊಂಡ್ಬಾರೋ ಒಳಕ್ಕೆ!"

ಸರಸ್ವತಮ್ಮ ಅಳಿಯನಿಗೆ ಕಾಯಲಿಲ್ಲ. ತಾವೇ ಬರಿಗಾಲಲ್ಲಿ ಗೇಟಿನ ಆಚೆಗೆ ಓಡಿ, ಡಿಕ್ಕಿಯಿಂದ ಮಗಳ ಪೆಟ್ಟಿಗೆ ಎತ್ತಿ, ಸೊಂಟಕ್ಕೆ ಏರಿಸಿಕೊಂಡು ಮನೆಯೊಳಕ್ಕೆ ತಂದರು.