ಬೆರಳು ನೆಕ್ಕಿದರೂ ಭಯವಿಲ್ಲ

ಶಾಲೆಯ ಗೋಡೆಯ ಮೇಲಿನ ಪೋಸ್ಟರನ್ನು ಚಿನಕುರುಳಿಯ ತಾಯಿ ಎರಡು ಸಲ ಓದಿದರು. ‘ಮಕ್ಕಳೇ ಮಾಡಿದ ಹಸಿರು ಅಂಟು. ಬೆರಳು ನೆಕ್ಕಿದರೂ ಭಯವಿಲ್ಲ!’

“ಇದಕ್ಕೆ ಏನೇನ್ ಹಾಕಿದೀರಾ ಟೀಚರ್?”

ವಿಜ್ಞಾನದ ಟೀಚರಿಗೆ ಈ ಪ್ರಶ್ನೆಯೆಂದರೆ ಪ್ರಾಣ. ವಿಷವಿಲ್ಲದೆ ವಸ್ತು ತಯಾರಿಸುವ ಹಸಿರು ರಸಾಯನಶಾಸ್ತ್ರದ ಭೂತ ಹೊಕ್ಕಾಗಿನಿಂದ ಸಿಕ್ಕವರಿಗೆಲ್ಲ ಅದೇ ಪಾಠ ಒಪ್ಪಿಸುತ್ತಿದ್ದರು. “ಬರೀ ಅಡುಗೆಮನೆ ಸಾಮಾನು ಕಣ್ರೀ! ಬಿಸಿ ಹಾಲಿಗೆ ವಿನೆಗರ್ ಹಾಕಿ ಒಡೆಸೋದು, ಗಟ್ಟೀನ ಹಿಂಡಿ ತೆಗೆದು ಸೋಡಾ ಕಲಸೋದು. ವಿಷ ಇಲ್ಲ, ಏನಿಲ್ಲ. ನಿಮ್ಮ ಮಗಳ ಕ್ಲಾಸಿಗೂ ಈಗಷ್ಟೇ ಒಂದು ಬಾಟ್ಲಿ ಕಳ್ಸಿದೆ.”

ತಾಯಿಯ ಮುಖ ಬಿಳಿಚಿಕೊಂಡಿತು. “ಅವಳಿಗೆ ಹಾಲು ಆಗಲ್ಲ ಟೀಚರ್. ಒಂದು ತೊಟ್ಟು ಬಾಯಿಗೆ ಹೋದ್ರೂ ಉಸಿರು ಕಟ್ಟುತ್ತೆ. ಶಾಲೆಗೆ ಸೇರಿಸೋವಾಗ್ಲೇ ಬರ್ಕೊಟ್ಟಿದ್ದೆ.”

ಆ ಕಾಗದ ಆಫೀಸಿನ ಕಪಾಟಿನಲ್ಲಿ ಎಲ್ಲೋ ಇದ್ದೀತು, ಟೀಚರಂತೂ ನೋಡಿರಲಿಲ್ಲ.

ಇಬ್ಬರೂ ಓಡಿದರು. ತಾಯಿ ಓಡುತ್ತಲೇ ಚೀಲದೊಳಗೆ ಅಲರ್ಜಿಯ ಇಂಜೆಕ್ಷನ್ನಿಗಾಗಿ ತಡಕಾಡುತ್ತಿದ್ದರು. ಎರಡು ಮಹಡಿ ಹತ್ತುವಾಗ ಟೀಚರಿಗೆ ಬಾಟಲಿಗಳ ಲೇಬಲ್ ಬರೆದ ದಿನ ನೆನಪಾಯಿತು. “ಏನೇನ್ ಹಾಕಿದೀವಿ ಅಂತಾನೂ ಬರೆಯೋಣ್ವಾ ಟೀಚರ್?” ಎಂದು ಮಕ್ಕಳು ಕೇಳಿದ್ದರು. “ಜಾಗ ಎಲ್ಲಿದೆ?” ಎಂದು ಇವರೇ ಬಾಯಿ ಮುಚ್ಚಿಸಿದ್ದರು. ಜಾಗವನ್ನೆಲ್ಲ ನುಂಗಿದ್ದು ಪೋಸ್ಟರಿನಲ್ಲಿದ್ದ ಇವರದೇ ಕವಿತ್ವ. ಭಯವಿಲ್ಲವಂತೆ! ಈಗ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದರು.

ಮೂರನೇ ಕ್ಲಾಸಿನ ಮಕ್ಕಳು ತಟ್ಟೆಗೆ ಸುರಿದುಕೊಂಡ ಅಂಟಿನಿಂದ ಬಣ್ಣದ ಕಾಗದ ಅಂಟಿಸುತ್ತ, ಪೋಸ್ಟರ್ ಹೇಳಿದಂತೆ ಬೆರಳು ನೆಕ್ಕುತ್ತ ಕೂತಿದ್ದರು. ಸದಾ ಚಟಪಟ ಎನ್ನುತ್ತಿದ್ದ ಚಿನಕುರುಳಿಯ ಜಾಗ ಮಾತ್ರ ಖಾಲಿ.

“ಎಲ್ಲಿ ಅವಳು?”

“ಕೈ ಕೆಂಪಾಯ್ತು ಅಂತ ನಲ್ಲಿ ಹತ್ರ ಹೋದ್ಲು.”

ವರಾಂಡದ ತುದಿಯಲ್ಲಿ ಅವಳು ಸೋಪು ಹಚ್ಚಿ ಕೈ ಉಜ್ಜುತ್ತಿದ್ದಳು. ಬೆರಳುಗಳ ತುಂಬ ದದ್ದು ಎದ್ದಿತ್ತು. ತಾಯಿ ಅವಳನ್ನು ಎಳೆದುಕೊಂಡು ತುಟಿ, ನಾಲಿಗೆ ನೋಡಿ, ಎದೆಗೆ ಕಿವಿಯಿಟ್ಟರು.

“ಬಾಯಿಗೆ ಹಾಕ್ಕೊಂಡ್ಯಾ?”

“ಇಲ್ಲಮ್ಮಾ. ಏನ್ ಹಾಕಿದಾರೆ ಅಂತ ಬರೆದೇ ಇರ್ಲಿಲ್ಲ. ಬರೀದೇ ಇರೋದನ್ನ ಬಾಯಿಗೆ ಹಾಕ್ಬೇಡ ಅಂತ ನೀನೇ ಹೇಳಿದ್ಯಲ್ಲ. ಕೈ ಕಡೀತು, ಮೂಸಿ ನೋಡ್ದೆ. ಹಾಲು!”

ಅವಳು ಎತ್ತಿಕೊಂಡು ಬಂದಿದ್ದ ಬಾಟಲಿ ನಲ್ಲಿಯ ಕಟ್ಟೆಯ ಮೇಲಿತ್ತು. ಟೀಚರ ಕವಿತ್ವದ ಮೇಲೆಯೇ ಅವಳು ಪೆನ್ಸಿಲಿನಿಂದ ದಪ್ಪಗೆ ಬರೆದಿದ್ದಳು: ‘ಹಾಲು ಇದೆ.’

ಟೀಚರು ಒದ್ದೆ ನೆಲದ ಮೇಲೇ ಕುಸಿದು ಕೂತು ಅತ್ತುಬಿಟ್ಟರು. ಹೋದ ಜೀವ ಬಂದಂತಾಗಿತ್ತು. “ನಡೀರಿ, ಮೊದ್ಲು ಡಾಕ್ಟ್ರಿಗೆ ತೋರಿಸೋಣ” ಎಂದು ತಡವರಿಸುತ್ತ ಎದ್ದರು.

ಅಮ್ಮನ ಸೊಂಟ ಹಿಡಿದು ನಿಂತಿದ್ದ ಚಿನಕುರುಳಿ ಕೇಳಿದಳು: “ಬೇರೆ ಬಾಟ್ಲಿಗಳ ಮೇಲೂ ಬರೀಬೇಕಲ್ವಾ ಟೀಚರ್? ಅವೆಲ್ಲಾ ಎಲ್ಲಿವೆ?”

ಟೀಚರು ಕೆಳಗಿನ ಗೇಟಿನತ್ತ ನೋಡಿದರು. ಮೂವತ್ತು ಬಾಟಲಿಗಳನ್ನು ಅವರು ಬೆಳಗ್ಗೆ ಗೇಟಿನ ಬಳಿ ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ಕೈಯಾರೆ ಹಂಚಿದ್ದರು. ಯಾರೊಬ್ಬರ ಹೆಸರನ್ನೂ ಬರೆದುಕೊಂಡಿರಲಿಲ್ಲ.