ಮೊದಲು ಕೇಳುವ ಮಾತು

ನನ್ನ ತಮ್ಮ ಮಾನಪ್ಪ ಲಾರಿ ಮಗುಚಿ ಸತ್ತ ದಿನ ಅವನ ಮಾಲೀಕ ಮೊದಲು ಕೇಳಿದ ಮಾತು, "ಸಿಮೆಂಟ್ ನೆನೆದಿದೆಯಾ?" ಎಂದು. ಆಸ್ಪತ್ರೆಯ ವರಾಂಡದಲ್ಲಿ ನಿಂತು ಫೋನ್ ಮಾಡಿದವಳು ನಾನೇ. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಅವನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ನೆನೆದಿದೆ ಎಂದೆ. "ಛೇ ಛೇ" ಎಂದ. ಆ ಛೇ ನನ್ನ ತಮ್ಮನಿಗಲ್ಲ, ಮೂಟೆಗಳಿಗೆ. ಅವತ್ತಿನಿಂದ ಲಾರಿ ಮಾಲೀಕರೆಂದರೆ ನನಗೆ ಆಗುವುದಿಲ್ಲ.

ಅಂಥವಳ ಗಂಡನೇ ಲಾರಿ ಹತ್ತುತ್ತೇನೆ ಎಂದು ಹಟ ಹಿಡಿದರೆ ಏನು ಮಾಡಬೇಕು?

ಗಂಡನ ಹೆಸರು ಹೇಳಬಾರದು ಎನ್ನುವುದು ನಮ್ಮವ್ವನ ಕಾಲದ ಶಾಸ್ತ್ರ. ನಾನು ಹೇಳುತ್ತೇನೆ, ದುರ್ಗೇಶ. ಎದುರಿಗೆ 'ರೀ' ಹಚ್ಚಿ ಮಾತಾಡಿದರೂ ಮನಸ್ಸಿನಲ್ಲಿ ಅವನು ಅವನೇ. ಕುಷ್ಟಗಿ ಕಡೆಯಿಂದ ನಾವು ಇಲ್ಲಿ ಉಡುಪಿ ಕಡೆಗೆ ಬಂದದ್ದು ಗಾರೆ ಕೆಲಸಕ್ಕೆ. ಅವನು ಕಲ್ಲುಕೋರೆಯ ಟಿಪ್ಪರ್ ಹತ್ತಿ ಡ್ರೈವಿಂಗ್ ಕಲಿತ, ಹೆವಿ ಲೈಸೆನ್ಸ್ ಮಾಡಿಸಿಕೊಂಡ. ನಾನು ಮಣಿಪಾಲದ ಒಂದು ಹಾಸ್ಟೆಲ್ ಮೆಸ್ಸಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದೆ. ಇನ್ನಂಜೆಯಲ್ಲಿ ಗದ್ದೆಯಂಚಿಗೆ ಒಂದು ಬಾಡಿಗೆ ಕೋಣೆ. ಬದುಕು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಕೋರೆ ಮುಚ್ಚಿತು. ಮಳೆಗಾಲ ಪೂರ್ತಿ ಅವನು ಮನೆಯಲ್ಲೇ ಕುಳಿತ. ಹಗಲು ಹೊತ್ತು ಮನೆಯಲ್ಲಿ ಕುಳಿತ ಗಂಡಸನ್ನು ಗೋಡೆಯೂ ಬೈಯುತ್ತದೆ. ಒಂದು ದಿನ ಮಗಳು ಶಾಲೆಯಿಂದ ಬಂದವಳೇ, "ಅಪ್ಪಾ, ಇವತ್ತೂ ಹೋಗಿಲ್ಲೇನು?" ಎಂದಳು. ಅವನು ಅರ್ಧ ಊಟಕ್ಕೇ ಕೈ ತೊಳೆದ.

"ಲೈನ್ ಗಾಡಿಗೆ ಹೊಕ್ಕೀನಿ" ಎಂದ. ಲೈನ್ ಎಂದರೆ ರಾಜ್ಯ ದಾಟಿ ಹೋಗುವ ದೂರದ ದಾರಿ. ಹೋದವರ ಮುಖ ವಾರಗಟ್ಟಲೆ ಕಾಣುವುದಿಲ್ಲ.

"ಮಾನಪ್ಪ ಹೋಗಿದ್ದು ಸಾಲಲಿಲ್ಲೇನ್ರಿ?"

"ಮತ್ತ ಹೊಟ್ಟಿಗೆ ಏನ್ ತಿನ್ನೂದು? ನೀನ ಹೇಳು."

ಹೇಳಲಿಕ್ಕೆ ನನ್ನ ಹತ್ತಿರ ಏನಿತ್ತು, ಮಣ್ಣು?

ಅವನನ್ನು ಕರೆದವರು ಇಬ್ಬರು. ಒಬ್ಬರು ಕಾಪುವಿನ ಭೋಜಣ್ಣ, ಹೆದ್ದಾರಿ ಬದಿಯಲ್ಲಿ ಅವರ ಮೀನಿನ ಲಾರಿಗಳು ಸಾಲಾಗಿ ನಿಂತಿರುತ್ತವೆ. ಮಲ್ಪೆಯಲ್ಲಿ ಐಸ್ ಹಾಕಿ ತುಂಬಿದ ಮೀನು ಒಂದೇ ಉಸಿರಿಗೆ ಮುಂಬೈಯನ್ನೋ ಕೊಚ್ಚಿಯನ್ನೋ ಮುಟ್ಟಬೇಕು. ಸಂಬಳ ಹೆಚ್ಚು, ನಿದ್ದೆ ಕಡಿಮೆ. ಮೀನು ಹಾಳಾದರೆ ಡ್ರೈವರನೇ ನಷ್ಟ ತುಂಬಿಕೊಡಬೇಕು. ಇನ್ನೊಬ್ಬರು ಕಾರ್ಕಳದ ಜೋಕಿಮರು. ಎರಡೇ ಲಾರಿ, ಗೇರುಬೀಜ, ಕುಚ್ಚಲಕ್ಕಿ, ಸಾವಕಾಶದ ದಾರಿ. ಒಬ್ಬ ಡ್ರೈವರ್ ಗಲ್ಫಿಗೆ ಹೋದದ್ದರಿಂದ ಒಂದು ಸೀಟು ಖಾಲಿ ಬಿದ್ದಿತ್ತು. "ಆಗುವುದಿದ್ದರೆ ಭಾನುವಾರ ಇಗರ್ಜಿಯ ಪೂಜೆ ಬಿಟ್ಟ ಮೇಲೆ ಬನ್ನಿ, ಮನೆಯವರನ್ನೂ ಕರಕೊಂಡು ಬನ್ನಿ" ಎಂದಿದ್ದರಂತೆ. ಇಬ್ಬರೂ ನಮ್ಮ ನಂಬರ್ ಬರೆದುಕೊಂಡಿದ್ದರು. ದುರ್ಗೇಶನ ಮನಸ್ಸು ಭೋಜಣ್ಣನ ಕಡೆ ವಾಲುತ್ತಿತ್ತು, ಅಲ್ಲಿ ಕೆಲಸ ತಪ್ಪುವುದಿಲ್ಲ ಎಂದು. ನನಗೆ ಬೇಕಾದದ್ದು ಒಂದೇ. ಇವನು ಎಲ್ಲೋ ಬಿದ್ದಾಗ ಇವನನ್ನು ಕೇಳುವ ಮನುಷ್ಯ ಬೇಕು, ಮೂಟೆಯನ್ನಲ್ಲ.

ಮೆಸ್ಸಿನಲ್ಲಿ ನನ್ನ ಜೊತೆ ಉದ್ಯಾವರದ ಗುಣವತಿ ಕೆಲಸ ಮಾಡುತ್ತಾಳೆ, ನಾನು ಗುಣಕ್ಕ ಎನ್ನುತ್ತೇನೆ. ಅವಳಿಗೆ ಎಲ್ಲ ಹೇಳಿದೆ.

"ಕೆಲಸಕ್ಕೆ ಕರೆಯುವಾಗ ಎಲ್ಲ ಧಣಿಗಳ ಬಾಯಿಯೂ ಬೆಲ್ಲವೇ, ಮಾರಾಯ್ತಿ" ಎಂದಳು. "ಗಾಡಿ ಬಿದ್ದ ದಿನ ಗೊತ್ತಾಗುವುದು, ಯಾರು ಎಂಥವರು ಅಂತ."

"ಹಂಗಾರ ಬೀಳಸೂಣು" ಎಂದೆ.

"ಎಂತ ಬೀಳಿಸುವುದು?"

"ಗಾಡಿ."

ಅವಳು ಈರುಳ್ಳಿ ಕೆಳಗಿಟ್ಟು ನನ್ನ ಮುಖ ನೋಡಿದಳು. ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಕೆಟ್ಟಿತ್ತು, ಇಲ್ಲ ಎನ್ನುವುದಿಲ್ಲ. ನೀರಿಗಿಳಿಯದೆ ಆಳ ಗೊತ್ತಾಗುವುದಿಲ್ಲ, ಮತ್ತೆ ಆ ನೀರಿಗೆ ಇಳಿಯುವವನು ನನ್ನ ಗಂಡ.

ಮಧ್ಯಾಹ್ನದ ಊಟ ಬಡಿಸಿಯಾದ ಮೇಲೆ ಸಿಲಿಂಡರ್ ಇಡುವ ಜಾಗದ ಹಿಂದೆ ನಿಂತೆವು. ಫೋನ್ ಗುಣಕ್ಕನದು. ನೀವೇ ಮಾತಾಡ್ರಿ ಅಂದರೆ, "ನಾನು ದೈವಕ್ಕೆ ಹೆದರುವವಳು, ಇಂಥ ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. ಫೋನ್ ಬೇಕಾದರೆ ತೆಕೋ" ಎಂದಳು. ಆಮೇಲೆ ಮೇಷ್ಟ್ರ ಹಾಗೆ ಪಾಠ ಹೇಳಿಕೊಟ್ಟಳು. "'ಆಗೇತಿ' ಅಲ್ಲ, 'ಆಗಿದೆ'. ಆ 'ರೀ' ಒಂದು ಬಿಡು ಮಾರಾಯ್ತಿ. ಅದು ಬಂದರೆ ನಿನ್ನ ಊರು, ಕೇರಿ, ಜಾತಕ ಎಲ್ಲ ಬಂದ ಹಾಗೆ."

ಮೊದಲು ಭೋಜಣ್ಣನಿಗೆ ಮಾಡಿದೆ. ಕಾರವಾರದ ಹತ್ತಿರ ನಿಮ್ಮ ಮೀನಿನ ಲಾರಿ ಪಲ್ಟಿ ಆಗಿದೆ, ಬಾಗಿಲ ಮೇಲೆ ನಿಮ್ಮ ನಂಬರ್ ಉಂಟು, ದಾರಿಯಲ್ಲಿ ಹೋಗುವವಳು ನಾನು ಎಂದೆ.

"ಅಯ್ಯೋ! ಬಾಕ್ಸ್ ಒಡೆದಿದೆಯಾ? ಜನ ಹೆಕ್ಕಲಿಕ್ಕೆ ಸುರು ಮಾಡಿದ್ರಾ? ಯಾರನ್ನೂ ಹತ್ತಿರ ಬಿಡಬೇಡಿ ಅಮ್ಮ, ನಾನು ಬೇರೆ ಗಾಡಿ ಕಳಿಸ್ತೇನೆ."

ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದೆ. ಕೇಳಲಿಲ್ಲ. ಕೊನೆಗೆ ನಾನೇ ಬಾಯಿ ಬಿಟ್ಟು "ಡ್ರೈವರ್..." ಎಂದೆ.

"ಹಾಂ, ಡ್ರೈವರ್ ಅಲ್ಲೇ ಇದ್ದಾನಲ್ಲ? ಅವನಿಗೆ ಮೀನು ಕಾಯಲಿಕ್ಕೆ ಹೇಳಿ."

ಫೋನ್ ಇಟ್ಟೆ. ಗುಣಕ್ಕ ಏನೋ ತುಳುವಿನಲ್ಲಿ ಬೈದಳು, ನನಗೆ ಅರ್ಥವಾಗಲಿಲ್ಲ, ಆದರೆ ಬೈದದ್ದು ಸರಿಯಾಗಿಯೇ ಇತ್ತು.

ಆಮೇಲೆ ಜೋಕಿಮರಿಗೆ. ಅವರ ಡ್ರೈವರ್ ಮುತ್ತುರಾಜ ಅಂದು ಗೇರುಬೀಜ ಹೇರಿಕೊಂಡು ಶಿರಾಡಿ ಘಾಟಿ ಹತ್ತುತ್ತಾನೆ ಎಂದು ದುರ್ಗೇಶನಿಂದ ತಿಳಿದಿತ್ತು. ಶಿರಾಡಿಯಲ್ಲಿ ನಿಮ್ಮ ಲಾರಿ ಪಲ್ಟಿ ಆಗಿದೆ ಎಂದೆ.

"ಮುತ್ತು?" ಎಂದರು. "ನಮ್ಮ ಮುತ್ತು ಹೇಗಿದ್ದಾನೆ? ಮಾತಾಡ್ತಾನಾ? ಹೇಳಿ ಅಮ್ಮ, ಜೀವ ಉಂಟಾ?" ಸ್ಪೀಕರಿಗೆ ಹಾಕಿದ್ದರೇನೋ, ಹಿಂದಿನಿಂದ ಒಂದು ಹೆಣ್ಣು ಧ್ವನಿ "ದೇವಾ, ದೇವಾ" ಎಂದು ಕೂಗಿತು.

ನನ್ನ ತಮ್ಮನ ಬಗ್ಗೆ ಯಾರೂ ಕೇಳದ ಮಾತು ಇದು. ಗುಣಕ್ಕ ಕಲಿಸಿದ ಪಾಠವೆಲ್ಲ ಮರೆತು, "ಆರಾಮ ಅದಾನ್ರೀ! ಅಂವಗ ಏನೂ ಆಗಿಲ್ರೀ, ಖರೇನ ಆರಾಮ ಅದಾನ್ರೀ!" ಎಂದು ಬಡಬಡಿಸಿದೆ.

"ಅವನ ಕೈಗೆ ಫೋನ್ ಕೊಡಿ. ಸ್ವರ ಕೇಳಬೇಕು ನನಗೆ."

ಎಲ್ಲಿಂದ ಕೊಡಲಿ? ಕಟ್ ಮಾಡಿದೆ. ಗುಣಕ್ಕ ಹೆದರಿ ಫೋನನ್ನೇ ಆಫ್ ಮಾಡಿಬಿಟ್ಟಳು. ನಾನು ಮಾತ್ರ ಸಿಲಿಂಡರಿಗೆ ಒರಗಿ ಕುಳಿತು ಅತ್ತೆ, ಸಂತೋಷಕ್ಕೆ. ಸಿಕ್ಕರು, ಮನುಷ್ಯರು ಸಿಕ್ಕರು ಎಂದು.

ಫೋನಿನ ವಿಷಯ ದುರ್ಗೇಶನಿಗೆ ಹೇಳಲಿಲ್ಲ. ಹೇಗೋ ಕಾಡಿ ಬೇಡಿ, ಎರಡು ದಿನ ಮುನಿಸಿಕೊಂಡು, ಕಾರ್ಕಳಕ್ಕೇ ಎಂದು ಒಪ್ಪಿಸಿದೆ. ಭಾನುವಾರ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟೆ. ಜೋಕಿಮರು ತೆಳ್ಳಗಿನ ವಯಸ್ಸಾದ ಮನುಷ್ಯ, ಇಗರ್ಜಿಗೆ ಹೋಗಿಬಂದ ಬಿಳಿ ಅಂಗಿಯಲ್ಲೇ ಇದ್ದರು. ಅವರ ಹೆಂಡತಿ ಡುಲ್ಸಿನಮ್ಮ ನೀರು ತಂದುಕೊಟ್ಟು ಚಹಾಕ್ಕೆ ಒಳಗೆ ಹೋದರು. ಜೋಕಿಮರು ದುರ್ಗೇಶನನ್ನು, ಘಾಟಿಯಲ್ಲಿ ಇಳಿಯುವಾಗ ಯಾವ ಗಿಯರ್, ಟಯರ್ ಬಿಸಿಯಾದರೆ ಏನು ಮಾಡ್ತಿ ಎಂದೆಲ್ಲ ಕೇಳಿದರು. ಅವನು ಎಲ್ಲದಕ್ಕೂ ಸರಿಯಾಗಿ ಹೇಳಿದ. "ಆಯ್ತು. ನಾಳೆಯಿಂದ ಬಾ. ಮೊದಲು ಮುತ್ತುವಿನ ಜೊತೆ ಹೋಗು, ದಾರಿ ಕಲಿ" ಎಂದರು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಸಂತೋಷ ತಡೆಯಲಿಲ್ಲ. "ಪುಣ್ಯ ಬರತೈತ್ರೀ ನಿಮಗ. ನಿಮ್ಮಲ್ಲಿ ಇವರು ಆರಾಮ ಇರ್ತಾರ್ರೀ, ಖರೇನ ಆರಾಮ ಇರ್ತಾರ್ರೀ" ಎಂದೆ.

ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಡುಲ್ಸಿನಮ್ಮ ಬಾಗಿಲಲ್ಲೇ ನಿಂತರು. ಜೋಕಿಮರು ನನ್ನ ಕಡೆ ತಿರುಗಿದರು.

"ಇನ್ನೊಮ್ಮೆ ಹೇಳಿ."

"ಏನ್ರೀ?"

"ಆರಾಮ ಅಂದ್ರಲ್ಲ, ಅದು."

ಫೋನಿನಲ್ಲಿ ಬಡಬಡಿಸಿದ್ದೂ ಇದೇ ಮಾತು, ಇದೇ ಸ್ವರ. ಅವರ ಕಾಲ ಹತ್ತಿರ ಕುಳಿತು ಮಾನಪ್ಪನ ಸುದ್ದಿ, ಸಿಮೆಂಟು, ಮೆಸ್ಸು, ಎಲ್ಲ ಹೇಳಿದೆ. ದುರ್ಗೇಶ ಏನೂ ತಿಳಿಯದೆ ಅವರ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡುತ್ತಿದ್ದ.

ಜೋಕಿಮರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸತ್ತವರನ್ನೂ ಜನ ಮೊದಲು ಆರಾಮ ಇದ್ದಾರೆ ಅಂತಲೇ ಹೇಳುವುದು ಅಮ್ಮ" ಎಂದರು. "ಮುತ್ತುವಿನ ಫೋನ್ ಹತ್ತಲಿಲ್ಲ. ಸುರಿಯುವ ಮಳೆಯಲ್ಲಿ ಕಾರ್ ಓಡಿಸಿಕೊಂಡು ಘಾಟಿಯ ಬುಡದ ಗುಂಡ್ಯದವರೆಗೆ ಹೋದೆ. ದಾರಿಯುದ್ದಕ್ಕೂ ಅವನ ಹೆಂಡತಿಗೆ ಹೇಗೆ ಹೇಳುವುದು ಅಂತ ಮಾತು ಜೋಡಿಸ್ತಾ ಇದ್ದೆ. ಅಲ್ಲಿ ಅವ ಹೋಟೆಲಿನಲ್ಲಿ ಊಟ ಮಾಡ್ತಾ ಇದ್ದ."

"ನನ್ನ ಚಪ್ಪಲಿ ತಗೊಂಡು ನನಗ ಹೊಡೀರಿ. ಕೆಲಸ ಮಾತ್ರ ಇಲ್ಲ ಅನಬ್ಯಾಡ್ರೀ."

"ಸಿಟ್ಟಿನಿಂದ ಹೇಳುವುದಲ್ಲ. ನಮ್ಮ ಕೆಲಸ ನಡೆಯುವುದೇ ಫೋನಿನ ಮಾತಿನ ಮೇಲೆ. ನಾಳೆ ನಿಮ್ಮ ಗಂಡ ನಿಜವಾಗಿ ಬಿದ್ದು ಫೋನ್ ಬಂದರೆ, ನಾನು ಓಡಬೇಕಾ, ಇವರು ಪುನಃ ಪರೀಕ್ಷೆ ಮಾಡ್ತಾ ಇದ್ದಾರೆ ಅಂತ ಕೂತುಕೊಳ್ಳಬೇಕಾ? ಆ ಒಂದು ಗಳಿಗೆ ನಾನು ಯೋಚನೆ ಮಾಡಿದರೆ ಅವನ ಜೀವ ಹೋದೀತು. ಬೇಡ. ಚಹಾ ಕುಡಿದು ಹೋಗಿ."

ಚಹಾ ಕುಡಿದೆವು. ಬಸ್ಸಿನಲ್ಲಿ ದುರ್ಗೇಶ ಉಡುಪಿಯವರೆಗೂ ಕಿಟಕಿ ನೋಡುತ್ತ ಕುಳಿತ. ಇಳಿಯುವಾಗ ಒಂದೇ ಮಾತು ಹೇಳಿದ. "ಬೇಕಾದಂಥ ಮನುಷ್ಯಾ ಸಿಕ್ಕಿದ್ದ. ನೀನ ಕಳದಿ." ಹೌದು, ಕೈಗೆ ಬಂದ ತುತ್ತನ್ನು ನಾನೇ ತಟ್ಟಿ ಬೀಳಿಸಿದ್ದೆ. ಮರುದಿನ ಬೆಳಿಗ್ಗೆ ಅವನು ಕಾಪುವಿಗೆ ಹೋದ. ಬೇಡ ಎನ್ನುವ ಬಾಯಿ ನನಗೆ ಎಲ್ಲಿತ್ತು?

ಭೋಜಣ್ಣ ಕೆಟ್ಟವರೇನಲ್ಲ. ಹಬ್ಬಕ್ಕೆ ಮನೆಗೆ ಮೀನು ಕಳಿಸಿದರು, ಮಗಳಿಗೆ ಕೊಡೆ ಕೊಟ್ಟರು. ದುರ್ಗೇಶ ಫೋನ್ ಎತ್ತದಿದ್ದರೆ ಮಾತ್ರ ನನಗೆ ಮಾಡುತ್ತಿದ್ದರು. "ಅನ್ನಪೂರ್ಣಕ್ಕ, ನಿಮ್ಮವ ಎಲ್ಲಿಗೆ ಮುಟ್ಟಿದ? ಐಸ್ ನಿಲ್ಲುವುದಿಲ್ಲ ಅಲ್ವಾ, ನೀವು ಸ್ವಲ್ಪ ಕೇಳಿ ಹೇಳಿ." ನಾನು ಕೂಡಲೇ ಅವನಿಗೆ ಮಾಡುತ್ತಿದ್ದೆ. "ಎಲ್ಲಿ ಅದೀರಿ? ಐಸ್ ಐತೇನು? ನೀರು ಭಾಳ ಸೋರಾಕತ್ತೈತೇನು?" ಮೊದಮೊದಲು ಅದರ ಜೊತೆಗೆ ಉಂಡಿರೇನು, ಮಲಗಿದ್ದಿರೇನು ಎಂದೂ ಕೇಳುತ್ತಿದ್ದೆ. ಒಮ್ಮೆ ಟ್ರಾಫಿಕ್ಕಿಗೆ ಸಿಕ್ಕಿ ಮೀನು ಮೆತ್ತಗಾಗಿ, ಆ ಟ್ರಿಪ್ಪಿನ ದುಡಿಮೆ ಪೂರ್ತಿ ಅದಕ್ಕೇ ಹೋಯಿತು. ಆಮೇಲೆ ನನಗೆ ಈರುಳ್ಳಿ ಹೆಚ್ಚುವಾಗಲೂ, ಬಸ್ಸಿನಲ್ಲಿ ನಿಂತಿರುವಾಗಲೂ ಕಣ್ಣ ಮುಂದೆ ಕರಗುವ ಐಸೇ. ಭೋಜಣ್ಣ ಕೇಳುವ ಮೊದಲೇ ನಾನು ಕೇಳಿ ಇಡುತ್ತಿದ್ದೆ. ದುರ್ಗೇಶ ಒಂದು ಸಲ ನಕ್ಕು, "ಊಟ ಆತೇನು ಅಂತ ಕೇಳೂದ ಬಿಟ್ಟೀಯಲ್ಲ" ಎಂದ. "ಉಣ್ಣದ ಏನ್ ಮಾಡ್ತೀರಿ, ಸಣ್ಣ ಕೂಸೇನು?" ಎಂದು ನಾನೂ ನಕ್ಕೆ.

ಮೊನ್ನೆ ಬೆಳಿಗ್ಗೆ ಮೆಸ್ಸಿನಲ್ಲಿ ಗುಣಕ್ಕನ ಜೊತೆ ಸೌತೆಕಾಯಿ ಹೆಚ್ಚುತ್ತಿದ್ದೆ. ಫೋನ್ ಬಂತು. ಕೈ ಒದ್ದೆ ಎಂದು ಸ್ಪೀಕರಿಗೆ ಹಾಕಿ ಬುಟ್ಟಿಯ ಪಕ್ಕ ಇಟ್ಟೆ. ದುರ್ಗೇಶನೇ.

"ಅನ್ನಪೂರ್ಣಾ, ಗಾಡಿ ಪಲ್ಟಿ ಆತು."

"ಮೀನು?" ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿ ತಾನೇ ಹೇಳಿತು. ಆ ಕಡೆ ಗಾಳಿ, ಹಾರ್ನ್ ಕೇಳಿಸುತ್ತಿತ್ತು. ಆಮೇಲೆ ಅವನು ಭೋಜಣ್ಣನಿಗೆ ವರದಿ ಒಪ್ಪಿಸುವ ಧ್ವನಿಯಲ್ಲಿ ಹೇಳಿದ.

"ಅರ್ಧ ಚೆಲ್ಲ್ಯಾವ. ಮಂದಿ ಆರಿಸ್ಕೊಂಡು ಹೊಂಟಾರ. ನಾ ಕಾಯಾಕತ್ತೀನಿ."

ಗುಣಕ್ಕ ಚೂರಿ ಬಿಸಾಡಿ ಫೋನ್ ಎತ್ತಿಕೊಂಡಳು. "ದುರ್ಗೇಶಾ, ನಾನು ಗುಣವತಿ. ಮೀನು ಸಾಯಲಿ ಮಾರಾಯ, ನಿನಗೆ ಎಂತ ಆಯ್ತು? ಪೆಟ್ಟಾಯ್ತಾ?"

ಆಗ ಅವನು ಅತ್ತ. ಕೋರೆ ಮುಚ್ಚಿದಾಗಲೂ, ಮಾನಪ್ಪನನ್ನು ಮಣ್ಣು ಮಾಡಿದಾಗಲೂ ಅಳದವನು ಸಣ್ಣ ಹುಡುಗನ ಹಾಗೆ ಬಿಕ್ಕಿದ. "ಕಾಲು ಎತ್ತಾಕ ಬರವಲ್ದು ಅಕ್ಕಾ" ಎಂದ. "ಕೂತಲ್ಲೇ ಕೂತೀನಿ."

ಗುಣಕ್ಕ ಫೋನನ್ನು ನನ್ನ ಕಡೆ ಚಾಚಿ, "ಮಾತಾಡು" ಎಂದಳು. ಏನು ಮಾತಾಡಲಿ? ಕೇಳಬೇಕಾದ ಮಾತನ್ನು ಅವಳು ಕೇಳಿಯಾಗಿತ್ತು.