ಕಡಲದಂಡೆಯ ಪಾರ್ಕಿಗೆ ಹೊರಟ ಉಡಿ

ಕುರೆಕುಪ್ಪದ ಕ್ರಾಸಿನಲ್ಲಿ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ಮಾರುವ ಹಂಪಕ್ಕನ ಮಗಳು ಹುಲಿಗಿ ಒಂದು ಮಧ್ಯಾಹ್ನ ಶಾಲೆಯಿಂದ ಅಳುತ್ತಲೇ ಬಂದಳು. ಯಾರ್‍ಯಾರು ಎಲ್ಲೆಲ್ಲಿ ಹುಟ್ಟಿದಿರಿ ಎಂದು ಟೀಚರು ಕೇಳಿದ್ದರಂತೆ. ಒಬ್ಬ ಕಂಪ್ಲಿ ಅಂದ, ಒಬ್ಬಳು ಸಂಡೂರು ಅಂದಳು, ಉಳಿದವರು ಹೊಸಪೇಟೆಯ ದವಾಖಾನೆ ಅಂದರು. ಹುಲಿಗಿ ಎದ್ದು ನಿಂತು, ಸಮುದ್ರದ ದಂಡೆಯ ಪಾರ್ಕಿನಲ್ಲಿ ಅಂದಾಗ ಇಡೀ ಕ್ಲಾಸು ಹೋ ಎಂದು ನಕ್ಕಿತು.

"ನಾ ಸುಳ್ಳು ಹೇಳ್ತೀನಂತ ಯವ್ವಾ. ನೀ ನನಗ ಸುಳ್ಳು ಹೇಳಿಯೇನು?"

"ಇಲ್ಲವ್ವ, ಖರೇನ ಐತಿ," ಎಂದು ಹಂಪಕ್ಕ ಸೆರಗಿನಿಂದ ಮಗಳ ಮೂಗು ಒರೆಸಿದಳು. "ಒಮ್ಮೆ ಕರಕೊಂಡು ಹೋಗಿ ತೋರಿಸ್ತೀನಿ."

ಆ ಮಾತನ್ನು ಅವಳು ಎಷ್ಟೋ ಸಲ ಆಡಿದ್ದಳು. ಈ ಸಲ ಮಾತ್ರ ಅದನ್ನು ನಡೆಸಲೇಬೇಕು ಅನಿಸಿತು.

ಕೊರೊನಾ ಲಾಕ್‌ಡೌನಿನ ಕಾಲದ ಸಂಗತಿ ಅದು. ಹಂಪಕ್ಕ, ಅವಳ ಗಂಡ ಜಡೆಪ್ಪ ಕುಂದಾಪುರದ ಆಚೆ ರಸ್ತೆ ಕೆಲಸಕ್ಕೆ ಹೋಗಿದ್ದರು. ಕೆಲಸ ನಿಂತಿತು, ಕರೆದುಕೊಂಡು ಹೋದ ಮೇಸ್ತ್ರಿ ಫೋನು ಎತ್ತಲಿಲ್ಲ, ಬಸ್ಸುಗಳಿರಲಿಲ್ಲ. ತುಂಬಿದ ಬಸುರಿಯನ್ನು ನಡೆಸಿಕೊಂಡು ಜಡೆಪ್ಪ ಊರಿನ ದಾರಿ ಹಿಡಿದ. ಸಮುದ್ರದ ಪಕ್ಕದ ಒಂದು ಪುಟ್ಟ ಪಾರ್ಕಿನ ಹತ್ತಿರ ಬರುವಷ್ಟರಲ್ಲಿ ನೋವು ಶುರುವಾಯಿತು. ಕೂತದ್ದು ಗಾಳಿಮರದ ಬುಡದಲ್ಲಿ, ಸಿಮೆಂಟಿನ ಆಮೆಯೊಂದರ ಪಕ್ಕ. ಜಡೆಪ್ಪ ಎದುರಿನ ಮನೆಗಳ ಬಾಗಿಲು ಬಡಿದ. ರೋಗದ ಹೆದರಿಕೆಗೆ ಯಾರೂ ಹೊರಗೆ ಬರಲಿಲ್ಲ. ಬಂದವಳು ಒಬ್ಬಳೇ, ಮೀನು ಮಾರುವ ಮುಕ್ತಕ್ಕ. ಆಂಬುಲೆನ್ಸಿಗೆ ಫೋನು ಮಾಡಿಸಿದಳು. ಅದು ಬರುವ ಮೊದಲೇ ಕೂಸು ಬಂತು. ಬಟ್ಟೆಯಿಲ್ಲ, ಬರೆಯಿಲ್ಲ. ಮುಕ್ತಕ್ಕ ತನ್ನ ಸೀರೆಯ ಉಡಿಯನ್ನೇ ಒಡ್ಡಿ ಕೂಸನ್ನು ಹಿಡಿದಳು. ಆಮೇಲೆ ಬಸ್ಸು ಬಿಡುವವರೆಗೂ ಬಾಣಂತಿಗೆ ತನ್ನ ಮನೆಯಲ್ಲೇ ಜಾಗ ಕೊಟ್ಟಳು. ಕೇರಿಯವರು ಬೈದರೆ ಅವಳ ಗಂಡ ಬಾಗಿಲಿಗೆ ಅಡ್ಡ ಕೂತು, ನಮ್ಮ ಮನೆ ನೆಂಟರು ಅನ್ನುತ್ತಿದ್ದ.

ಮುಕ್ತಕ್ಕನ ನಂಬರು ಜಡೆಪ್ಪನ ಫೋನಿನಲ್ಲಿತ್ತು. ಮರುವರ್ಷ ಆ ಫೋನು ಕಾಲುವೆಯ ಪಾಲಾಯಿತು. ಊರಿನ ಹೆಸರು ಕೂಡ ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ.

ಮರುದಿನ ಬೆಳಿಗ್ಗೆ ಒಗ್ಗಾಣಿ ತಿನ್ನಲು ಬಂದ ಸುಧಾರಾಣಿಯ ಮುಂದೆ ಹಂಪಕ್ಕ ಇದನ್ನೆಲ್ಲ ತೋಡಿಕೊಂಡಳು. ಸುಧಾರಾಣಿ ಸಂಡೂರಿನ ಹುಡುಗಿ, ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ. ಪ್ಲೇಟು ಪಕ್ಕಕ್ಕಿಟ್ಟು ಫೋನು ತೆಗೆದಳು.

"ಕುಂದಾಪುರ ದಾಟಿ, ಸಮುದ್ರದ ಬಾಜು, ಸಣ್ಣ ಪಾರ್ಕು. ಮತ್ತ ಏನೈತ್ರಿ ಹಂಪಕ್ಕ ಅಲ್ಲಿ?"

"ಆಮಿ ಐತ್ರಿ ಮೇಡಂ, ಸಿಮೆಂಟಿಂದು. ಹುಡುಗರು ಮ್ಯಾಲೆ ಹತ್ತಿ ಕುಂದರತಾವು."

ಮ್ಯಾಪಿನಲ್ಲಿ ಒಂದೊಂದೇ ಪಾರ್ಕು ತೆರೆದು ಸುಧಾರಾಣಿ ಫೋಟೋ ತೋರಿಸುತ್ತ ಹೋದಳು. ಇದಲ್ಲ, ಇದೂ ಅಲ್ಲ. ಮಿರ್ಚಿ ಬಾಣಲೆಯಲ್ಲಿ ಕರಕಲಾಗುತ್ತಿತ್ತು. ಒಂದು ಫೋಟೋದಲ್ಲಿ ಹಸಿರು ಬಣ್ಣ ಉದುರಿದ ಆಮೆ ಕಂಡಿದ್ದೇ ತಡ, ಹಂಪಕ್ಕ ಫೋನಿನ ಮೇಲೆ ಬಾಗಿದಳು. ಇದೇ ಎಂದು ಬೆರಳು ಮಾಡಿ ತೋರಿಸಿದಳು.

"ಇಲ್ಲಿ ಯಾರೋ ಬರದಾರ ನೋಡ್ರಿ. ಸಣ್ಣ ಪಾರ್ಕು, ಚಲೋ ಗಾಳಿ, ಸೋಮವಾರ ಬಂದ್ ಇರ್ತದ ಅಂತ." ಸುಧಾರಾಣಿ ಅಲ್ಲಿದ್ದ ನಂಬರಿಗೆ ಆಗಲೇ ಫೋನು ಹಚ್ಚಿದ್ದಳು. ಎತ್ತಿದವನು ಪಾರ್ಕಿನ ಕಾವಲುಗಾರ. ಮೀನಿನ ಮುಕ್ತಕ್ಕ ಎಂದೊಡನೆ, ಇಲ್ಲೇ ಎದುರಿಗೆ ಅವರ ಮನೆ, ಕೊಟ್ಟೆ ಇರಿ ಎಂದ.

ಸ್ವಲ್ಪ ಹೊತ್ತು ಬರೀ ಅಲೆಯ ಸದ್ದು. ಆಮೇಲೆ ಆ ದನಿ. "ಯಾರ್ ಮಾತಾಡುದ್?"

"ಯಕ್ಕಾ, ನಾ ಹಂಪಕ್ಕ. ಹೊಸಪ್ಯಾಟಿ ಕಡೆಯಾಕಿ. ಪಾರ್ಕಿನ್ಯಾಗ ಹಡದಿದ್ನಲ್ಲಾ..."

"ಅಯ್ಯೋ ಮಾರಾಯ್ತಿ! ಹೆಣ್ಣ್ ಹ್ಯಾಂಗಿತ್ತ್?"

ತಾನು ಹೇಗಿದ್ದೇನೆ ಎಂದು ಕೇಳುವ ಮೊದಲೇ ಮಗಳನ್ನು ಕೇಳಿದಳಲ್ಲ ಎಂದು ಹಂಪಕ್ಕನ ಕಣ್ಣು ತುಂಬಿದವು. ಮಾತು ಮುಂದುವರಿದಂತೆ ಇನ್ನೆರಡು ಸಂಗತಿ ತಿಳಿದವು. ಬಾಗಿಲಿಗೆ ಅಡ್ಡ ಕೂತಿದ್ದ ಆ ಗಂಡ ಈಗಿಲ್ಲ, ದೋಣಿ ಮಗುಚಿ ಹೋದ. ಪಾರ್ಕನ್ನೂ ಪ್ರತಿ ಮಳೆಗಾಲ ಕಡಲು ಸ್ವಲ್ಪ ಸ್ವಲ್ಪವೇ ತಿನ್ನುತ್ತಿದೆ, ಫೋಟೋದ ಆಮೆ ಹೋದ ವರ್ಷವೇ ನೀರು ಸೇರಿತು.

"ಮಳಿಗಾಲಕ್ಕೆ ಮುಂಚೆ ಬನ್ನಿ ಕಾಣಿ. ಎಂತದೂ ತರೂದ್ ಬ್ಯಾಡ. ಹೆಣ್ಣನ್ನ್ ಕರ್ಕಂಡ್ ಬನ್ನಿ."

ತರುವುದು ಬೇಡ ಎಂದರೂ ಬರಿಗೈಲಿ ಹೋಗುವುದುಂಟೆ? ಜಡೆಪ್ಪ ತಾನೀಗ ದುಡಿಯುತ್ತಿದ್ದ ಫ್ಯಾಕ್ಟರಿಯಲ್ಲಿ ರಜೆ ಕೇಳಿದ. ಸೋಮವಾರ ತಪ್ಪಿಸಿ, ಹೊಸಪೇಟೆಯಿಂದ ಮಂಗಳೂರು ಬಸ್ಸಿಗೆ ಸೀಟು ಮಾಡಿಸಿದ. ಹಂಪಕ್ಕ ಕಂಪ್ಲಿಯ ತವರಿನಿಂದ ಹೊಸ ಅಕ್ಕಿ, ಬೆಲ್ಲ ತರಿಸಿದಳು. ಹಸಿರು ಇಳಕಲ್ ಸೀರೆ, ಕುಬಸದ ಖಣ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಜೋಡಿಸಿಟ್ಟಳು. ಅದನ್ನು ಕಂಡು ಅತ್ತೆ ಹೊನ್ನೂರಮ್ಮ ಹುಬ್ಬು ಗಂಟಿಕ್ಕಿದಳು.

"ಇದು ಉಡಿ ತುಂಬೂ ಸಾಮಾನು. ಯಾರಿಗೆ?"

"ಮುಕ್ತಕ್ಕಗ, ಅತ್ತಿ."

"ಗಂಡ ಸತ್ತಾಕಿಗೆ ಉಡಿ ತುಂಬೂದು ಎಲ್ಲ್ಯಾರ ಐತೇನು? ಸೀರಿ ಕೊಟ್ಟು ಕೈ ಮುಗದು ಬಾ. ಇದೆಲ್ಲಾ ಬ್ಯಾಡ."

ಅತ್ತೆಗೆ ಎದುರಾಡುವ ರೂಢಿ ಹಂಪಕ್ಕನಿಗಿರಲಿಲ್ಲ. ಆದರೂ ಹೇಳಿದಳು. "ಆಕಿ ಉಡ್ಯಾಗ ನಿಮ್ಮ ಮೊಮ್ಮಗಳನ್ನ ಹಿಡದಾಳ ಅತ್ತಿ. ಆ ಉಡಿ ನಾ ಖಾಲಿ ಬಿಡಂಗಿಲ್ಲ."

ಹೊನ್ನೂರಮ್ಮ ಎದ್ದು ಹಿತ್ತಲಿಗೆ ಹೋದಳು. ಅವಳ ಗಂಡ ಗಣಿಯ ಲಾರಿಯಡಿ ಸಿಕ್ಕು ಹೋದಾಗ ಜಡೆಪ್ಪನಿನ್ನೂ ಅಂಗನವಾಡಿಯ ಕೂಸು. ಅಂದಿನಿಂದ ಅವಳ ಉಡಿಗೆ ಯಾರೂ ಒಂದು ಅಕ್ಕಿಕಾಳು ಹಾಕಿರಲಿಲ್ಲ. ಅದು ಹಂಪಕ್ಕನಿಗೆ ಹೊಳೆದದ್ದು ಮಾತು ಬಾಯಿಂದ ಹೊರಬಿದ್ದ ಮೇಲೆ. ಅಂದದ್ದು ತಪ್ಪಾಯಿತೇನೋ ಎಂದು ಒಳಗೊಳಗೇ ಕೊರಗಿದಳು.

ಹೊರಡುವ ದಿನ ಬ್ಯಾಗು ಕಟ್ಟುತ್ತಿರುವಾಗ ಹೊನ್ನೂರಮ್ಮ ಒಗೆದ ಸೀರೆಯೊಂದನ್ನು ತಂದು ಅದರ ಮೇಲಿಟ್ಟಳು.

"ನಾನೂ ಬರ್ತೀನಿ. ನನ್ನ ಮೊಮ್ಮಗಳನ್ನ ಹಿಡದಾಕಿ ಹೆಂಗದಾಳ ನೋಡಬೇಕು."

ಕುಂದಾಪುರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಅವರು ಪಾರ್ಕಿನ ಮುಂದೆ ನಿಂತಾಗ ಬೆಳಗಿನ ಬಿಸಿಲು ಹಿತವಾಗಿತ್ತು. ಗೇಟಿನ ಬಳಿ ಕೂತಿದ್ದ ಮುಕ್ತಕ್ಕ ಎದ್ದು ಓಡಿಬಂದಳು. ತಲೆ ನರೆತಿತ್ತು, ನಡಿಗೆ ಅದೇ. ಹುಲಿಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ನೋಡಿಯೇ ನೋಡಿದಳು.

"ನಾ ಎಲ್ಲಿ ಹುಟ್ಟಿದ್ದು?" ಹುಲಿಗಿ ನೇರ ಕೇಳಿದಳು.

ಮುಕ್ತಕ್ಕ ಒಡೆದ ತಡೆಗೋಡೆಯ ಆಚೆ, ಅಲೆ ಬಂದು ನೊರೆ ಬಿಟ್ಟು ಹೋಗುತ್ತಿದ್ದ ಜಾಗವನ್ನು ತೋರಿಸಿದಳು. "ಅಲ್ಲಿ ಕಾಣ್. ಕಡಲ್ ತಕಂಡ್ ಹೋಯ್ತ್."

ಹುಲಿಗಿ ಅತ್ತಾಳೆಂದು ಹಂಪಕ್ಕ ಹೆದರಿದ್ದಳು. ಹುಡುಗಿ ಚಪ್ಪಲಿ ಬಿಟ್ಟು, ಅಪ್ಪನ ಕೈ ಹಿಡಿದು, ಮೊಣಕಾಲವರೆಗಿನ ನೀರಿನಲ್ಲಿ ಹೋಗಿ ಅಲ್ಲೇ ನಿಂತುಬಿಟ್ಟಳು.

ಉಳಿದಿದ್ದ ಒಂದೇ ಗಾಳಿಮರದ ನೆರಳಿನಲ್ಲಿ ಹಂಪಕ್ಕ ಚಾಪೆ ಹಾಸಿದಳು. "ಕುಂದ್ರಿ ಯಕ್ಕಾ. ಉಡಿ ಒಡ್ಡ್ರಿ."

ಸಾಮಾನು ಕಂಡು ಮುಕ್ತಕ್ಕ ಹಿಂದೆ ಸರಿದಳು. "ಬ್ಯಾಡ ಹಂಪಕ್ಕ. ನಂಗೆ ಅದೆಲ್ಲ ಆತಿಲ್ಲೆ ಈಗ."

ಹಂಪಕ್ಕ ಕೈಯಲ್ಲಿ ಅಕ್ಕಿ ಹಿಡಿದು ನಿಂತಳು. ಆಗ ಹೊನ್ನೂರಮ್ಮ ಮುಂದೆ ಬಂದು ಮುಕ್ತಕ್ಕನ ತೋಳು ಹಿಡಿದು ಕೂರಿಸಿದಳು.

"ನಾನೂ ನಿನ್ನಂಗನ ತಂಗಿ. ನಾ ಹೇಳ್ತೀನಿ, ಒಡ್ಡು."

ಮುಕ್ತಕ್ಕ ಸೆರಗು ಒಡ್ಡಿದಳು. ಹಂಪಕ್ಕ ಅಕ್ಕಿ ಹಾಕಿದಳು, ಬೆಲ್ಲ, ಕೊಬ್ಬರಿ, ಅರಿಶಿನ ಹಾಕಿದಳು, ಸೀರೆ ಇಟ್ಟಳು. ಬಾಗಿ ಕಾಲು ಮುಟ್ಟಿದಳು. "ಯಕ್ಕಾ" ಎಂದಷ್ಟೇ ಅಂದು ಅತ್ತುಬಿಟ್ಟಳು.

ಮುಕ್ತಕ್ಕ ತುಂಬಿದ ಉಡಿಯನ್ನು ಒಮ್ಮೆ ನೋಡಿದಳು. ಆಮೇಲೆ ಹೊನ್ನೂರಮ್ಮನ ಕಡೆ ತಿರುಗಿ, ಅವಳ ಸೆರಗನ್ನು ತಾನೇ ಎಳೆದು ಹರಡಿ, ತನ್ನ ಉಡಿಯಿಂದ ಬೊಗಸೆ ತುಂಬ ಅಕ್ಕಿ ತೆಗೆದು ಅದಕ್ಕೆ ಸುರಿದಳು. ಒಂದು ಕೊಬ್ಬರಿ ಬಟ್ಟಲನ್ನೂ ಇಟ್ಟಳು. ಹೊನ್ನೂರಮ್ಮ ಬೇಡವೆನ್ನಲಿಲ್ಲ. ಸೆರಗಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಧ್ಯಾಹ್ನ ಮುಕ್ತಕ್ಕನ ಮನೆಯಲ್ಲಿ ಊಟ. ಬಂಗುಡೆಯ ಮುಳ್ಳು ಬಿಡಿಸಲು ಹೊನ್ನೂರಮ್ಮನಿಗೆ ಬರಲಿಲ್ಲ. ಮುಕ್ತಕ್ಕ ಪಕ್ಕದಲ್ಲಿ ಕೂತು ಒಂದೊಂದೇ ಮುಳ್ಳು ತೆಗೆದು ಅವಳ ತಟ್ಟೆಗೆ ಹಾಕಿದಳು.

"ನೀನೂ ಬಾ ನಮ್ಮೂರಿಗೆ," ಎಂದಳು ಹೊನ್ನೂರಮ್ಮ. "ಹಂಪಿ ತೋರಿಸ್ತೀನಿ."

"ಅಲ್ಲಿ ಹೊಳಿ ಇತ್ತಾ?"

"ಐತಿ. ಭಾಳ ದೊಡ್ಡದೈತಿ. ಹರಗೋಲ್ದಾಗ ಕುಂದ್ರಿಸಿ ದಾಟಿಸ್ತೀನಿ."

"ಹಂಗಾರ್ ಬತ್ತೆ," ಎಂದು ಮುಕ್ತಕ್ಕ ನಕ್ಕು, ಇನ್ನೊಂದು ಮೀನು ಬಡಿಸಿದಳು.